ಕಲ್ಯಾಣದ ಬೀಗದ ಕೈ

1561ರಲ್ಲಿ ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್ ಶಾಹ ತನ್ನ ರಾಜಧಾನಿಗೆ ಮುತ್ತಿಗೆ ಹಾಕಿದ್ದವನ ಡೇರೆಗೆ ತಾನೇ ಹೋಗಬೇಕಾಯಿತು. ಡೇರೆಯೊಳಗೆ ಕುಳಿತಿದ್ದವನು ವಿಜಯನಗರದ ಅಳಿಯ ರಾಮರಾಯ. ಹುಸೇನನ ಹತ್ತಿರ ಒಂದು ಕೋಟೆಯ ಬೀಗದ ಕೈಗಳಿದ್ದವು. ಅವನ್ನು ಅವನು ರಾಮರಾಯನಿಗೆ ಕೊಟ್ಟ. ರಾಮರಾಯ ಅವನ್ನು ಇಟ್ಟುಕೊಳ್ಳಲಿಲ್ಲ. ಜೊತೆಗೆ ದಂಡೆತ್ತಿ ಬಂದಿದ್ದ ಬಿಜಾಪುರದ ಅಲಿ ಆದಿಲ್ ಶಾಹನಿಗೆ ಕಳಿಸಿಕೊಟ್ಟ. ಅವು ಇಂದಿನ ಬಸವಕಲ್ಯಾಣದ, ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದ ಕೋಟೆಯ ಕೈಗಳು. ಬಿಜಾಪುರದ ಸುಲ್ತಾನನೂ ಅಹಮದ್‌ನಗರದ ಸುಲ್ತಾನನೂ ಒಂದೇ ಮತದವರು, ಒಂದೇ ಪಂಥದವರು, ಹಿಂದಿನ ತಲೆಮಾರಿನಿಂದ ಬೀಗರು. ಆದರೂ ಕಲ್ಯಾಣ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ನೇರವಾಗಿ ದಾಟಲಿಲ್ಲ. ನಡುವೆ ಮೂರನೆಯವನೊಬ್ಬ ಬೇಕಾದ. ಅಷ್ಟು ದೂರ ಹೋಗಿತ್ತು ಆ ಎರಡು ಮನೆಗಳ ಸಂಬಂಧ.

ಕಲ್ಯಾಣಕ್ಕಾಗಿ ಯಾಕಿಷ್ಟು ಹಟ ಎಂಬುದು ಇಂದಿಗೂ ಆ ದಾರಿಯಲ್ಲಿ ಓಡಾಡುವವರಿಗೆ ಅರ್ಥವಾದೀತು. ಹೈದರಾಬಾದಿನಿಂದ ಸೊಲ್ಲಾಪುರದ ಕಡೆ ಹೊರಟ ಬಸ್ಸು ಹುಮನಾಬಾದ್ ದಾಟಿ, ಸಸ್ತಾಪುರ ಬಂಗ್ಲಾದ ಹತ್ತಿರ ಬಸವಕಲ್ಯಾಣದ ಕವಲನ್ನು ಬಿಟ್ಟು, ಮುಂದೆ ನಳದುರ್ಗದ ಕಡೆ ಹೋಗುತ್ತದೆ. ಗೋಲ್ಕೊಂಡದಿಂದ ತುಳಜಾಪುರದತ್ತ ಹೋಗುತ್ತಿದ್ದ ಹಳೆಯ ದಾರಿಯೂ ಹೆಚ್ಚುಕಡಿಮೆ ಇದೇ ಸೀಮೆಯನ್ನು ಹಾದುಹೋಗುತ್ತಿತ್ತು. ಪೂರ್ವಕ್ಕೆ ಬೀದರ್, ಅದರಾಚೆ ಗೋಲ್ಕೊಂಡ, ನೈಋತ್ಯಕ್ಕೆ ಬಿಜಾಪುರ, ವಾಯವ್ಯಕ್ಕೆ ಅಹಮದ್‌ನಗರ. ಹದಿನಾರನೆಯ ಶತಮಾನದಲ್ಲಿ ಈ ನಾಲ್ಕೂ ರಾಜ್ಯಗಳ ಗಡಿ ಬಂದು ತಾಗುತ್ತಿದ್ದ ಜಾಗ ಇದು. ಯಾರ ಸೈನ್ಯ ಯಾರ ಮೇಲೆ ಹೋಗಬೇಕಾದರೂ ಕಲ್ಯಾಣದ ಬುರುಜುಗಳ ಕಣ್ಣಿಗೆ ಬೀಳದೆ ಹೋಗುವುದು ಕಷ್ಟವಿತ್ತು.

ಇನ್ನೊಂದು ಕಾರಣ ಊರಿನ ಹೆಸರಿನಲ್ಲೇ ಇತ್ತು. ಹನ್ನೊಂದನೆಯ ಶತಮಾನದ ಚಾಲುಕ್ಯ ಸೋಮೇಶ್ವರನ ಕಾಲದಿಂದ ಇದು ರಾಜಧಾನಿ. ಐವತ್ತು ವರ್ಷ ಆಳಿದ ಆರನೆಯ ವಿಕ್ರಮಾದಿತ್ಯನ ಊರು, ಆಮೇಲೆ ಬಿಜ್ಜಳನ ಊರು, ಬಸವಣ್ಣನ ಊರು. ರಾಜ್ಯ ಅಳಿದರೂ ಹೆಸರಿನ ತೂಕ ಇಳಿಯಲಿಲ್ಲ. ರಾಮರಾಯನ ಅರವೀಡು ಮನೆತನದ ಬಿರುದಾವಳಿಯಲ್ಲಿ ಕಲ್ಯಾಣಪುರದ ಹೆಸರು ಬರುತ್ತದೆ. ಹಾಗಾಗಿಯೇ ರಾಮರಾಯ ಈ ಕೋಟೆಯ ವ್ಯವಹಾರದಲ್ಲಿ ಮತ್ತೆ ಮತ್ತೆ ಕೈಹಾಕಿದ, ಚಾಲುಕ್ಯರ ನೆನಪು ಅವನನ್ನು ಎಳೆಯುತ್ತಿತ್ತು ಎಂದು ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ವಾದಿಸಿದ್ದಾರೆ. ಆ ವಾದ ನನಗೆ ಒಪ್ಪಿಗೆಯಾಗುತ್ತದೆ. ಗಡಿಯಲ್ಲಿ ಕೋಟೆಗಳಿಗೆ ಬರವಿರಲಿಲ್ಲ. ಎಲ್ಲ ಬಿಟ್ಟು ತುಂಗಭದ್ರೆಯ ದಡದಿಂದ ಇಷ್ಟು ದೂರದ ಕೋಟೆಯೊಂದು ಯಾರ ಕೈಯಲ್ಲಿರಬೇಕೆಂದು ಅವನು ತಾನೇ ತೀರ್ಮಾನಿಸಹೊರಟದ್ದಕ್ಕೆ ಯುದ್ಧತಂತ್ರ ಒಂದೇ ಕಾರಣವಾಗಿರಲಾರದು.

ಬಹಮನಿ ರಾಜ್ಯ ಒಡೆದು ಹುಟ್ಟಿದ ಐದು ರಾಜ್ಯಗಳನ್ನು ನಾವು ‘ಮುಸ್ಲಿಂ ರಾಜ್ಯಗಳು’ ಎಂದು ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ. ಅಲ್ಲಿನ ಪ್ರಜೆಗಳಲ್ಲಿ ಬಹುಪಾಲು ಜನ ಕನ್ನಡ, ಮರಾಠಿ, ತೆಲುಗು ಆಡುತ್ತಿದ್ದ ಹಿಂದೂಗಳು. ಹಳ್ಳಿಯ ಲೆಕ್ಕ ಕುಲಕರ್ಣಿಗಳ ಕೈಯಲ್ಲಿತ್ತು. ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲ್ ಶಾಹ ಕಂದಾಯದ ಲೆಕ್ಕಪತ್ರಗಳನ್ನು ಪಾರಸಿಯಿಂದ ತೆಗೆದು ದೇಶಭಾಷೆಗೆ ತಂದ. ಇನ್ನು ಆಳಿದವರೋ, ಒಂದೊಂದು ದಿಕ್ಕಿನಿಂದ ಬಂದವರು. ಬಿಜಾಪುರದ ಯೂಸುಫ್ ತಾನು ಆಟೊಮನ್ ತುರ್ಕರ ವಂಶದವನೆಂದು ಹೇಳಿಕೊಂಡವನು. ಗೋಲ್ಕೊಂಡದ ಸುಲ್ತಾನ್ ಕುಲಿ ಇರಾನಿನ ಹಮದಾನಿನವನು. ಬೀದರ್‌ನ ಬರೀದರು ಜಾರ್ಜಿಯಾ ಕಡೆಯಿಂದ ಬಂದ ತುರ್ಕರು. ಅಹಮದ್‌ನಗರದ ನಿಜಾಮ್ ಶಾಹಿಗಳ ಮೂಲ ಪಾಥರಿಯ ಬ್ರಾಹ್ಮಣ ಕುಲಕರ್ಣಿಗಳ ಮನೆ. ಬೀರಾರ್ ರಾಜ್ಯ ಕಟ್ಟಿದ ಫತೇಉಲ್ಲಾ ಇಮಾದ್ ಉಲ್ ಮುಲ್ಕ್ ವಿಜಯನಗರದ ಯುದ್ಧದಲ್ಲಿ ಸೆರೆಸಿಕ್ಕು ಬಂದ ಕನ್ನಡದ ಹುಡುಗ. ಇಂಥ ಐವರು ಒಂದೇ ಪ್ರಸ್ಥಭೂಮಿಯ ಮೇಲೆ ಗಡಿ ಹಂಚಿಕೊಂಡರು. ಒಬ್ಬರ ಆಸ್ಥಾನದಲ್ಲಿ ಇನ್ನೊಬ್ಬರ ‘ಹಾಜಿಬ್’, ಅಂದರೆ ರಾಯಭಾರಿ, ಸದಾ ಇರುತ್ತಿದ್ದ.

ಆ ರಾಯಭಾರಿಯ ಮಾನಕ್ಕೆ ಎಷ್ಟು ಬೆಲೆ ಇತ್ತು ಎಂದು ತಿಳಿಯಲು ಬೀದರ್‌ನಲ್ಲೇ ನಡೆದ ಒಂದು ಪ್ರಸಂಗ ಸಾಕು. ಇರಾನಿನ ಸಫವಿ ದೊರೆ ಶಾಹ ಇಸ್ಮಾಯಿಲನ ರಾಯಭಾರಿಯೊಬ್ಬ ಬಹಮನಿ ಆಸ್ಥಾನಕ್ಕೆ ಬಂದಿದ್ದ. ಆ ಹೊತ್ತಿಗೆ ಬಹಮನಿ ಸುಲ್ತಾನ ಹೆಸರಿಗಷ್ಟೇ ಸುಲ್ತಾನ, ಅಧಿಕಾರವೆಲ್ಲ ಅಮೀರ್ ಬರೀದನದು. ಬರೀದ ಸುನ್ನಿ, ಬಂದವನು ಶಿಯಾ ದೊರೆಯ ದೂತ. ವಾಪಸು ಹೋಗಲು ಅಪ್ಪಣೆ ಕೊಡದೆ ಅವನನ್ನು ದೀರ್ಘಕಾಲ ಬೀದರ್‌ನಲ್ಲೇ ತಡೆದಿಟ್ಟ. ರಾಯಭಾರಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೆ ದೂರು ಕಳಿಸಿದ. ಬಿಜಾಪುರ ಒತ್ತಾಯ ಹಾಕಿತು, ರಾಯಭಾರಿ ಬಿಡುಗಡೆಯಾದ, ಬಿಜಾಪುರದಲ್ಲಿ ಅವನಿಗೆ ಭಾರಿ ಮರ್ಯಾದೆ ನಡೆಯಿತು. 1519ರ ಹೊತ್ತಿಗೆ ಇರಾನಿನಿಂದ ಬಂದ ಪತ್ರದಲ್ಲಿ ಶಾಹ ಇಸ್ಮಾಯಿಲ್ ಬಿಜಾಪುರದವನನ್ನು ಸ್ವತಂತ್ರ ದೊರೆ ಎಂದು ಸಂಬೋಧಿಸಿದ್ದ. ಹಿಗ್ಗಿದ ಆದಿಲ್ ಶಾಹ ತನ್ನ ಸೈನಿಕರಿಗೆ ಸಫವಿಗಳ ಹಾಗೆ ಹನ್ನೆರಡು ಮಡಿಕೆಯ ಕೆಂಪು ಟೊಪ್ಪಿ ತೊಡಿಸಿದ; ಶುಕ್ರವಾರದ ಪ್ರಾರ್ಥನೆಯಲ್ಲಿ ಇರಾನಿನ ರಾಜಮನೆತನದ ಹೆಸರನ್ನು ಸೇರಿಸಿದ. ಒಬ್ಬ ದೂತನ ಬಿಡುಗಡೆ, ಒಂದು ಪತ್ರದ ಸಂಬೋಧನೆ: ಇಷ್ಟರಿಂದ ಬಿಜಾಪುರಕ್ಕೆ ಸಮುದ್ರದಾಚೆಯ ಒಂದು ದೊಡ್ಡ ರಾಜ್ಯದ ಸ್ನೇಹ ಗಟ್ಟಿಯಾಯಿತು.

ಪಕ್ಕದ ಅಹಮದ್‌ನಗರದೊಂದಿಗಿನ ಸ್ನೇಹ ಅಷ್ಟು ಸುಲಭವಾಗಿ ಒಲಿಯಲಿಲ್ಲ. 1524ರಲ್ಲಿ ಅದಕ್ಕೆ ಒಂದು ಒಳ್ಳೆಯ ಅವಕಾಶ ಬಂದಿತ್ತು. ಇಸ್ಮಾಯಿಲ್ ಆದಿಲ್ ಶಾಹ ಮತ್ತು ಬುರ್ಹಾನ್ ನಿಜಾಮ್ ಶಾಹ ಸೊಲ್ಲಾಪುರದಲ್ಲಿ ಭೇಟಿಯಾದರು. ಇಸ್ಮಾಯಿಲನ ತಂಗಿ ಬೀಬಿ ಮರಿಯಮಳನ್ನು ಬುರ್ಹಾನನಿಗೆ ಕೊಟ್ಟು ಮದುವೆ ಮಾಡಿದರು. ದಿಬ್ಬಣ ಮುಗಿದು ಎಲ್ಲರೂ ಅವರವರ ಊರಿಗೆ ಮರಳಿದ ಮೇಲೆ ತಕರಾರು ಎದ್ದಿತು. ಸೊಲ್ಲಾಪುರ ಕೋಟೆಯನ್ನೂ ಅದಕ್ಕೆ ಸೇರಿದ ಐದೂವರೆ ಪರಗಣೆಗಳನ್ನೂ ಮದುಮಗಳ ಬಳುವಳಿಯಾಗಿ ಕೊಡುವುದೆಂದು ಮಾತಾಗಿದೆ ಎಂದು ಅಹಮದ್‌ನಗರ ಹೇಳಿತು. ಮಾತುಕತೆ ನಡೆಸಿದ್ದ ಬೆಳಗಾವಿಯ ಅಸದ್ ಖಾನ್ ಲಾರಿಯೇ ಹಾಗೆ ಒಪ್ಪಿದ್ದ ಎಂದಿತು. ಅಂಥ ಮಾತೇ ಆಗಿಲ್ಲ, ಆಗಿದ್ದರೂ ನನ್ನ ಅಪ್ಪಣೆಯಿಲ್ಲದೆ ಆದದ್ದು ಎಂದು ಇಸ್ಮಾಯಿಲ್ ಕೈತೊಳೆದುಕೊಂಡ. ಮರುವರ್ಷವೇ ಬುರ್ಹಾನ್ ದಂಡೆತ್ತಿ ಬಂದ, ಸೋತು ಹೋದ. ಆದರೆ ಆ ಐದೂವರೆ ಪರಗಣೆಗಳು ಅವನ ಮನಸ್ಸಿನಿಂದ ಹೋಗಲಿಲ್ಲ. ಮುಂದಿನ ನಲವತ್ತು ವರ್ಷ ದಖನ್ನಿನ ರಾಜಕೀಯದ ಬುಡದಲ್ಲಿ ಈ ಕೊಡದೆ ಉಳಿದ ಬಳುವಳಿ ಇದೆ. ತಾಳೀಕೋಟೆಯ ಯುದ್ಧದವರೆಗೂ ಇದೆ.

ಕಲ್ಯಾಣ ಈ ಜಗಳದೊಳಗೆ ಬಂದದ್ದು ಇನ್ನೊಬ್ಬ ರಾಯಭಾರಿಯ ಅವಮಾನದಿಂದ. ಶಾಹ ತಾಹಿರ್ ಇರಾನಿನಿಂದ ಬಂದ ದೊಡ್ಡ ವಿದ್ವಾಂಸ. ಬುರ್ಹಾನ್ ನಿಜಾಮ್ ಶಾಹ 1537ರಲ್ಲಿ ಶಿಯಾ ಪಂಥ ಸ್ವೀಕರಿಸಿದ್ದು ಇವನ ಪ್ರಭಾವದಿಂದ. ಇರಾನಿನ ಶಾಹ ತಹಮಾಸ್ಪನೊಂದಿಗೆ ಪತ್ರವ್ಯವಹಾರ ನಡೆಸುತ್ತಿದ್ದವನೂ ಇವನೇ. ಇದೇ ಹೊತ್ತಿಗೆ ಬಿಜಾಪುರ ಎದುರು ದಿಕ್ಕು ಹಿಡಿದಿತ್ತು: 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಸುನ್ನಿ ಪಂಥಕ್ಕೆ ಮರಳಿ, ಇರಾನಿ ಸರದಾರರಲ್ಲಿ ಹೆಚ್ಚಿನವರನ್ನು ಕೆಲಸದಿಂದ ತೆಗೆದ. ಆ ಶಾಹ ತಾಹಿರನನ್ನು ಬುರ್ಹಾನ್ ಬೀದರ್‌ನ ಅಲಿ ಬರೀದನ ಬಳಿಗೆ ರಾಯಭಾರಿಯಾಗಿ ಕಳಿಸಿದ. ಬೀದರ್ ಆಸ್ಥಾನದಲ್ಲಿ ಅವನಿಗೆ ಅಪಮಾನವಾಯಿತು. ಬುರ್ಹಾನ್ ತಡಮಾಡಲಿಲ್ಲ. ಔಸಾ, ಉದಗೀರ್, ಕಂಧಾರ್ ಮೂರು ಕೋಟೆಗಳೂ ಬರೀದನ ಕೈಬಿಟ್ಟು ಅಹಮದ್‌ನಗರಕ್ಕೆ ಹೋದವು. ಗಾಬರಿಗೊಂಡ ಅಲಿ ಬರೀದ ಬಿಜಾಪುರದ ನೆರವು ಬೇಡಿದ. ನೆರವಿಗೆ ಬೆಲೆಯಾಗಿ ಕೊಡಲು ಅವನ ಬಳಿ ಉಳಿದಿದ್ದ ದೊಡ್ಡ ಒಡವೆ ಕಲ್ಯಾಣ. ಅದನ್ನು ಇಬ್ರಾಹಿಂ ಆದಿಲ್ ಶಾಹನಿಗೆ ಬರೆದುಕೊಟ್ಟ.

ಅಲ್ಲಿಗೆ ಲೆಕ್ಕ ಎರಡು ಬಾಬ್ತಿನದಾಯಿತು. ಸೊಲ್ಲಾಪುರ ನಮ್ಮದು ಎಂದು ಅಹಮದ್‌ನಗರ. ಕಲ್ಯಾಣ ನಮ್ಮದು ಎಂದು ಬಿಜಾಪುರ. ಮುಂದೆ ಈ ಎರಡು ರಾಜ್ಯಗಳ ನಡುವೆ ಹೋಗಿಬಂದ ರಾಯಭಾರಗಳೆಲ್ಲ ಈ ಎರಡು ಹೆಸರುಗಳ ಸುತ್ತಲೇ ಸುತ್ತಿವೆ.

1549ರ ಸುಮಾರಿಗೆ ಬುರ್ಹಾನ್, ರಾಮರಾಯನ ಪ್ರೋತ್ಸಾಹ ಪಡೆದು, ಕಲ್ಯಾಣಕ್ಕೇ ಮುತ್ತಿಗೆ ಹಾಕಿದ. ಇಬ್ರಾಹಿಂ ಕೋಟೆ ಬಿಡಿಸಲು ಬಂದು ಹತ್ತಿರದಲ್ಲೇ ಬೀಡುಬಿಟ್ಟ. ಎರಡೂ ದಂಡುಗಳಿಗೆ ದವಸದ ಅಭಾವ. ರಂಜಾನಿನ ತಿಂಗಳು ಬೇರೆ. ಕೊನೆಗೆ ಈದ್ ದಿನದ ಮುಂಜಾವಿನಲ್ಲಿ, ಬಿಜಾಪುರದ ಪಾಳೆಯ ಹಬ್ಬದ ಸಡಗರದಲ್ಲಿದ್ದಾಗ, ನಿಜಾಮ್ ಶಾಹಿ ಸರದಾರ ಸೈಫ್ ಐನ್ ಉಲ್ ಮುಲ್ಕ್ ಮೇಲೆಬಿದ್ದ. ಬಿಜಾಪುರದ ದಂಡು ಚದುರಿ ಓಡಿತು. ಕೋಟೆ ಶರಣಾಯಿತು. ಎರಡೂ ಕಡೆಯವರು ಅದೇ ಹಬ್ಬವನ್ನು ಆಚರಿಸುವವರಾಗಿದ್ದರು. ಅದೇ ಹಬ್ಬದ ಬೆಳಗನ್ನು ಒಬ್ಬರು ಇನ್ನೊಬ್ಬರ ಮೇಲೆ ಬೀಳಲು ಆರಿಸಿಕೊಂಡರು. ದಖನ್ನಿನ ಸುಲ್ತಾನರ ನಡುವಿನ ಸಂಬಂಧವನ್ನು ಮತದ ಕನ್ನಡಿಯಲ್ಲಿ ನೋಡುವವರು ಕಲ್ಯಾಣದ ಈ ಈದನ್ನು ಮರೆಯಬಾರದು. ಬಿಜಾಪುರದ ಬುರುಜಿನ ಮೇಲೆ ಇಂದು ಎಲ್ಲರೂ ನೋಡುವ ಮಲಿಕ್ ಎ ಮೈದಾನ್ ತೋಪು ಎರಕವಾದದ್ದು ಇದೇ 1549ರಲ್ಲಿ, ಬುರ್ಹಾನನಿಗಾಗಿ, ಅಹಮದ್‌ನಗರದಲ್ಲಿ, ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ಕುಶಲಿಯ ಕೈಯಲ್ಲಿ. ಆ ಕಾಲದ ಪೈಪೋಟಿ ಎಷ್ಟಿತ್ತೆಂಬುದಕ್ಕೆ ಆ ತೋಪೇ ಸಾಕ್ಷಿ.

ಕೆಲವೇ ವರ್ಷಗಳಲ್ಲಿ ಸೊಲ್ಲಾಪುರವೂ ಬುರ್ಹಾನನ ವಶವಾಯಿತು. 1553ರಲ್ಲಿ ಅವನು ತೀರಿಕೊಂಡಾಗ ಮಗ ಹುಸೇನನಿಗೆ ಎರಡೂ ಕೋಟೆಗಳನ್ನು ಬಿಟ್ಟುಹೋದ. 1558ರಲ್ಲಿ ಬಿಜಾಪುರದಲ್ಲಿ ಅಲಿ ಆದಿಲ್ ಶಾಹ ಪಟ್ಟವೇರಿದ. ಅವನು ಮತ್ತೆ ಶಿಯಾ. ಅಂದರೆ ಪಂಥದ ಭೇದವೂ ಈಗ ಇರಲಿಲ್ಲ. ಪಟ್ಟವೇರಿದ ಕೂಡಲೇ ಅವನು ಅಹಮದ್‌ನಗರಕ್ಕೆ ದೂತನನ್ನು ಕಳಿಸಿ, ಕಲ್ಯಾಣ ಮತ್ತು ಸೊಲ್ಲಾಪುರ ಎರಡನ್ನೂ, ಅದಾಗದಿದ್ದರೆ ಕಲ್ಯಾಣ ಒಂದನ್ನಾದರೂ ಹಿಂತಿರುಗಿಸಬೇಕೆಂದು ಕೇಳಿದ. ಹುಸೇನ್ ಒರಟಾಗಿ ನಿರಾಕರಿಸಿದ.

ಆಗ ಅಲಿ ತೆಗೆದುಕೊಂಡ ಹೆಜ್ಜೆ ಆ ಕಾಲದ ರಾಯಭಾರದ ಇತಿಹಾಸದಲ್ಲೇ ಅಪರೂಪದ್ದು. ರಾಮರಾಯನ ಮಗನೊಬ್ಬ ತೀರಿಕೊಂಡಿದ್ದ. ಅಲಿ ಸುಮಾರು ನೂರು ಕುದುರೆ ಸವಾರರನ್ನಷ್ಟೇ ಕರೆದುಕೊಂಡು ಸಂತಾಪ ಹೇಳಲು ವಿಜಯನಗರಕ್ಕೇ ಹೋದ. ಅಜ್ಜನ ಕಾಲದಿಂದ ರಾಯಚೂರು ದೋಆಬಿಗಾಗಿ ಕಾದಾಡಿದ ರಾಜಧಾನಿಗೆ ಇಷ್ಟು ಚಿಕ್ಕ ಪರಿವಾರದೊಂದಿಗೆ ಹೋಗುವುದಕ್ಕೆ ಧೈರ್ಯ ಬೇಕು. ರಾಮರಾಯ ಅವನನ್ನು ಆದರದಿಂದ ಬರಮಾಡಿಕೊಂಡ; ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಹೊರಡುವಾಗ ಮಾತ್ರ ರಾಮರಾಯ ಅವನನ್ನು ಬೀಳ್ಕೊಡಲು ಊರ ಹೊರಗಿನವರೆಗೆ ಬರಲಿಲ್ಲ. ಅಲಿಯ ಮನಸ್ಸಿಗೆ ಅದು ನಾಟಿತು. ಆದರೆ ಅವನು ಆಗ ಏನೂ ಹೇಳಲಿಲ್ಲ, ಅವನಿಗೆ ಕಲ್ಯಾಣ ಬೇಕಿತ್ತು.

ಅಲಿಯ ಪರವಾಗಿ ಅಹಮದ್‌ನಗರದ ಮೇಲೆ ದಂಡೆತ್ತಿದ ರಾಮರಾಯನ ಕರೆಗೆ ಗೋಲ್ಕೊಂಡದ ಇಬ್ರಾಹಿಂ ಕುತ್ಬ್ ಶಾಹನೂ ಬರಬೇಕಾಯಿತು. ಅವನದು ಇಕ್ಕಟ್ಟಿನ ಸ್ಥಿತಿ. 1543ರಲ್ಲಿ ಅಣ್ಣ ಜಮ್ಷೀದ್ ಗೋಲ್ಕೊಂಡದ ಗದ್ದುಗೆ ಹಿಡಿದಾಗ ಜೀವ ಉಳಿಸಿಕೊಳ್ಳಲು ವಿಜಯನಗರಕ್ಕೆ ಓಡಿಬಂದು ಏಳು ವರ್ಷ ರಾಮರಾಯನ ಆಶ್ರಯದಲ್ಲಿದ್ದವನು ಇವನು. ತೆಲುಗು ಕವಿಗಳನ್ನು ಪ್ರೀತಿಯಿಂದ ಪೋಷಿಸಿದವನು. ರಾಮರಾಯನ ಋಣವೂ ಇತ್ತು, ಹುಸೇನನ ಸ್ನೇಹವೂ ಬೇಕಿತ್ತು. ಅಹಮದ್‌ನಗರದ ಮುತ್ತಿಗೆಯಲ್ಲಿ ಅವನ ದಂಡು ಮುತ್ತಿಗೆ ಹಾಕಿದವರ ಸಾಲಿನಲ್ಲೇ ಇತ್ತು; ಅದೇ ದಂಡಿನ ಸಾಲಿನಿಂದ ಒಳಗಿದ್ದವರಿಗೆ ಗುಟ್ಟಾಗಿ ಸಾಮಗ್ರಿ ಹೋಗುತ್ತಿತ್ತು.

ಆದರೂ ಹುಸೇನ್ ಮಣಿಯಬೇಕಾಯಿತು. ರಾಮರಾಯ ಮೂರು ಷರತ್ತು ಹಾಕಿದ. ಕಲ್ಯಾಣವನ್ನು ಅಲಿ ಆದಿಲ್ ಶಾಹನಿಗೆ ಕೊಡಬೇಕು. ಮುತ್ತಿಗೆಯವರ ದವಸದ ದಾರಿ ಕಡಿದು ಕಾಡಿದ್ದ ಜಹಾಂಗೀರ್ ಖಾನನನ್ನು ಕೊಲ್ಲಿಸಬೇಕು. ಹುಸೇನ್ ಸ್ವತಃ ಬಂದು ರಾಮರಾಯನ ಕೈಯಿಂದ ವೀಳ್ಯ ಸ್ವೀಕರಿಸಬೇಕು. ಜಹಾಂಗೀರ್ ಖಾನ್ ಹುಸೇನನ ಸೇವಕನಲ್ಲ. ಅವನ ನೆರವಿಗೆ ಬೀರಾರಿನಿಂದ ಬಂದಿದ್ದ ಸೇನಾಪತಿ. ತನ್ನನ್ನು ಕಾಪಾಡಲು ಬಂದವನನ್ನು ಶತ್ರುವಿನ ಮಾತಿಗೆ ಹುಸೇನ್ ಕೊಲ್ಲಿಸಿದ. ಆ ಇಡೀ ಕಾಲದಲ್ಲಿ ನನಗೆ ಅತ್ಯಂತ ಹೇಯವೆನಿಸುವ ಕೆಲಸ ಇದು. ಮೂರನೆಯ ಷರತ್ತಿನ ಕಥೆಯನ್ನು ಫೆರಿಶ್ತಾ ಬರೆದಿದ್ದಾನೆ. ರಾಮರಾಯ ಎದ್ದು ಸ್ವಾಗತಿಸದೆ ಕುಳಿತಲ್ಲಿಂದಲೇ ಕೈ ಚಾಚಿದ. ಹುಸೇನ್ ಆ ಕೈಯನ್ನು ಮುಟ್ಟಿದವನೇ ಮೈಲಿಗೆಯಾಯಿತೆಂಬಂತೆ ನೀರು ತರಿಸಿ ಕೈ ತೊಳೆದುಕೊಂಡ. ರಾಮರಾಯ ತನ್ನ ಭಾಷೆಯಲ್ಲಿ, ಇವನು ಅತಿಥಿಯಾಗಿರದಿದ್ದರೆ ಇದಕ್ಕೆ ತಕ್ಕ ಶಾಸ್ತಿ ಆಗುತ್ತಿತ್ತು ಎಂಬರ್ಥದ ಮಾತಾಡಿ, ತಾನೂ ನೀರು ತರಿಸಿ ಕೈ ತೊಳೆದ.

ಈ ವಿವರಗಳನ್ನು ಓದುವಾಗ ಒಂದು ಎಚ್ಚರ ಬೇಕು. ಫೆರಿಶ್ತಾ ಬಿಜಾಪುರದ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ ಬರೆದವನು. ಅದಕ್ಕೆ ಮೊದಲು ಅಹಮದ್‌ನಗರದಲ್ಲಿದ್ದು 1589ರಲ್ಲಿ ಬಿಜಾಪುರಕ್ಕೆ ಬಂದವನು. ಅಹಮದ್‌ನಗರದ ಪಕ್ಷದಿಂದ ಬರೆದ ತಬಾತಬಾಯಿಯ ‘ಬುರ್ಹಾನ್ ಎ ಮಆಸಿರ್’ ಹಲವು ಕಡೆ ಬೇರೆ ರಾಗ ಹಾಡುತ್ತದೆ. ಆದರೆ ಫೆರಿಶ್ತಾ ಬರೀ ಕೋಣೆಯಲ್ಲಿ ಕುಳಿತ ಬರಹಗಾರನಲ್ಲ. ಬಿಜಾಪುರದ ರಾಜಕುಮಾರಿ ಅಕ್ಬರನ ಮಗ ದಾನಿಯಾಲನನ್ನು ಮದುವೆಯಾಗಲು 1604ರಲ್ಲಿ ಪೈಠಣದ ಕಡೆ ಹೊರಟಾಗ ಪಲ್ಲಕ್ಕಿಯ ಜೊತೆ ಹೋದವರಲ್ಲಿ ಅವನೂ ಒಬ್ಬ. ಒಂದು ಮದುವೆಯ ಹಿಂದೆ ಎಷ್ಟು ಪತ್ರ, ಎಷ್ಟು ಕಾವಲು, ಎಷ್ಟು ಅನುಮಾನ ಇರುತ್ತವೆಂದು ಅವನಿಗೆ ಹತ್ತಿರದಿಂದ ಗೊತ್ತಿತ್ತು.

ಮದುವೆಯ ವಿಷಯಕ್ಕೇ ಬರುತ್ತೇನೆ. ಅಪಮಾನ ನುಂಗಿಕೊಂಡ ಹುಸೇನ್ 1563ರಲ್ಲಿ ಮತ್ತೆ ಎದ್ದ. ಈ ಸಲ ಗೋಲ್ಕೊಂಡದ ಇಬ್ರಾಹಿಂ ಬಹಿರಂಗವಾಗಿ ಅವನ ಕಡೆ ಬಂದ. ಇಬ್ಬರೂ ಭೇಟಿಯಾದ ಜಾಗ ಕಲ್ಯಾಣದ ಬಯಲು. ಹುಸೇನ್ ತನ್ನ ಮಗಳು ಬೀಬಿ ಜಮಾಲಳನ್ನು ಇಬ್ರಾಹಿಮನಿಗೆ ಅಲ್ಲೇ ಮದುವೆ ಮಾಡಿಕೊಟ್ಟ. ಮದುವೆಯ ಸಂಭ್ರಮ ಮುಗಿದ ಮೇಲೆ ಮಾವ ಅಳಿಯ ಸೇರಿ ಎದುರಿಗಿದ್ದ ಕೋಟೆಗೆ ಮುತ್ತಿಗೆ ಹಾಕಿದರು. ಶಹನಾಯಿ ನುಡಿದ ಬಯಲಿನಲ್ಲೇ ತೋಪುಗಳು ನಿಂತವು. ಒಪ್ಪಂದ, ವಿವಾಹ, ಯುದ್ಧ ಮೂರೂ ಒಂದೇ ಬಿಡಾರದಲ್ಲಿ ನಡೆದ ಇಂಥ ಘಟನೆ ನಮ್ಮ ನಾಡಿನಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ. ಬಸವಕಲ್ಯಾಣದ ಕೋಟೆ ನೋಡಲು ಹೋಗುವವರಿಗೆ ಈ ಕಥೆಯನ್ನು ಹೇಳುವ ಒಂದು ಫಲಕವಾದರೂ ಅಲ್ಲಿರಬೇಕು.

ಕೋಟೆ ಇನ್ನೇನು ಬೀಳುವುದರಲ್ಲಿತ್ತು. ಅಷ್ಟರಲ್ಲಿ ರಾಮರಾಯ ಮತ್ತು ಅಲಿ ಬರುತ್ತಿರುವ ಸುದ್ದಿ ಬಂತು. ಬೀದರ್‌ನ ಬರೀದ ಮತ್ತು ಬೀರಾರಿನ ಇಮಾದ್ ಶಾಹನೂ ಅವರ ಜೊತೆಗೂಡಿದ್ದರು. ಹುಸೇನ್ ಹೆಂಗಸರು ಮಕ್ಕಳನ್ನು ಔಸಾ ಕೋಟೆಗೆ ಕಳಿಸಿ, ನೂರಾರು ತೋಪುಬಂಡಿಗಳನ್ನು ಹೂಡಿಕೊಂಡು ಎದುರಿಸಲು ಹೊರಟ. ದೊಡ್ಡ ಮಳೆ ಸುರಿಯಿತು. ಈ ಸೀಮೆಯ ಎರೆಮಣ್ಣನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಂದು ಹದ ಮಳೆ ಬಿದ್ದರೆ ಖಾಲಿ ಬಂಡಿಯ ಚಕ್ರವೂ ಅಚ್ಚಿನವರೆಗೆ ಹೂತುಹೋಗುವ ನೆಲ ಅದು. ಹಿತ್ತಾಳೆ ಕಬ್ಬಿಣದ ತೋಪುಗಳು ಎಲ್ಲಿದ್ದವೋ ಅಲ್ಲೇ ಉಳಿದವು. ತೋಪಿಲ್ಲದೆ ಹುಸೇನ್ ಕಾದಲಾರದೆ ಹೋದ. ಅಳಿಯ ಗೋಲ್ಕೊಂಡಕ್ಕೆ, ಮಾವ ಅಹಮದ್‌ನಗರಕ್ಕೆ ಹಿಂದೆಗೆದರು. ಅಹಮದ್‌ನಗರ ಇನ್ನೊಮ್ಮೆ ಮುತ್ತಿಗೆ ಕಂಡಿತು. ಅಲ್ಲಿ ಸೀನಾ ನದಿ ರಾತ್ರೋರಾತ್ರಿ ತುಂಬಿ ವಿಜಯನಗರದ ಪಾಳೆಯವನ್ನು ಕೊಚ್ಚಿಕೊಂಡು ಹೋದದ್ದರಿಂದ ಊರು ಉಳಿಯಿತು. ಕಲ್ಯಾಣ ಮಾತ್ರ ಬಿಜಾಪುರದ ಕೈಯಲ್ಲೇ ಉಳಿಯಿತು.

ಅಲಿಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಅದನ್ನು ಕೊಡಿಸಿದವನ ನೆರಳು ಈಗ ಅವನಿಗೇ ಭಾರವಾಯಿತು. ರಾಮರಾಯ ಇಂದು ಹುಸೇನನ ಕೈಯಿಂದ ಕೋಟೆ ಕಿತ್ತು ತನಗೆ ಕೊಟ್ಟ, ನಾಳೆ ತನ್ನ ಕೈಯಿಂದ ಕಿತ್ತು ಇನ್ನೊಬ್ಬನಿಗೆ ಕೊಡಬಲ್ಲ. 1564ರಲ್ಲಿ ಗೋಲ್ಕೊಂಡದ ಮಂತ್ರಿ ಮುಸ್ತಫಾ ಖಾನ್ ಅರ್ದಿಸ್ತಾನಿ ಅಹಮದ್‌ನಗರ ಮತ್ತು ಬಿಜಾಪುರಗಳ ನಡುವೆ ಓಡಾಡಿ ಮಾತು ಕೂಡಿಸಿದ. ಅವನು ಕೂಡಿಸಿದ ಮಾತೇನು? ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಡುವುದು, ಅಲಿಯ ತಂಗಿ ಹದಿಯಾ ಸುಲ್ತಾನಳನ್ನು ಹುಸೇನನ ಮಗ ಮುರ್ತಜಾಗೆ ತರುವುದು, ಚಾಂದ್ ಬೀಬಿಯ ಬಳುವಳಿಯಾಗಿ ಸೊಲ್ಲಾಪುರವನ್ನು ಬಿಜಾಪುರಕ್ಕೆ ಒಪ್ಪಿಸುವುದು. 1524ರಲ್ಲಿ ಬಿಜಾಪುರದ ಹುಡುಗಿಯೊಂದಿಗೆ ಅಹಮದ್‌ನಗರಕ್ಕೆ ಹೋಗಬೇಕಿದ್ದ ಸೊಲ್ಲಾಪುರ, ನಲವತ್ತು ವರ್ಷಗಳ ನಂತರ ಅಹಮದ್‌ನಗರದ ಹುಡುಗಿಯೊಂದಿಗೆ ಬಿಜಾಪುರಕ್ಕೆ ಬಂತು. ಕಲ್ಯಾಣದ ಹಕ್ಕನ್ನು ಹುಸೇನ್ ಮತ್ತೆ ಎತ್ತಲಿಲ್ಲ. ಎರಡು ಬಾಬ್ತಿನ ಲೆಕ್ಕ ಚುಕ್ತಾ ಆಯಿತು.

ಆಮೇಲಿನದು ಎಲ್ಲರಿಗೂ ಗೊತ್ತು. 1565ರ ಜನವರಿ 23ರಂದು ಕೃಷ್ಣೆಯ ದಡದಲ್ಲಿ, ರಕ್ಕಸಗಿ ತಂಗಡಗಿಗಳ ಬಳಿ, ಅಹಮದ್‌ನಗರ, ಬಿಜಾಪುರ, ಗೋಲ್ಕೊಂಡ, ಬೀದರ್ ವಿಜಯನಗರದ ಎದುರು ಒಟ್ಟಾಗಿ ನಿಂತವು; ತಾಳೀಕೋಟೆಯ ಯುದ್ಧ ಎನ್ನುವುದು ಇದನ್ನೇ. ಸೆರೆಸಿಕ್ಕ ರಾಮರಾಯನ ತಲೆ ಹುಸೇನನ ಅಪ್ಪಣೆಯಂತೆ ಉರುಳಿತು. ಬೀರಾರ್ ಬರಲಿಲ್ಲ. ಜಹಾಂಗೀರ್ ಖಾನನ ಕೊಲೆಯ ಗಾಯ ಅಲ್ಲಿ ಮಾಯ್ದಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ಶಾಲೆಯ ಪುಸ್ತಕಗಳಲ್ಲಿ ಈ ಕೂಟವನ್ನು ಧರ್ಮದ ಕೂಟವೆಂದು ಓದಿಕೊಂಡು ಬೆಳೆದವರು ನಾವು. ಗೆದ್ದವರ ಬರಹಗಾರರು ಹಾಗೆ ಹೇಳಿಕೊಂಡದ್ದೂ ನಿಜ. ಕಲ್ಯಾಣದ ಬುರುಜಿನ ಮೇಲೆ ನಿಂತು ನೋಡಿದರೆ ಅದು ಹಾಗೆ ಕಾಣುವುದಿಲ್ಲ. ಒಂದೇ ಮತ ಅವರನ್ನು ನಲವತ್ತು ವರ್ಷ ಒಂದು ಮಾಡಿರಲಿಲ್ಲ, ಪಂಥ ಒಂದಾದಾಗಲೂ ಮಾಡಲಿಲ್ಲ. ಒಂದು ಮಾಡಿದ್ದು ಎರಡು ಕೋಟೆಗಳ ತಕರಾರು ತೀರಿದ್ದು, ಮತ್ತು ಇಬ್ಬರ ಎದೆಯಲ್ಲೂ ಬೇರೆ ಬೇರೆಯಾಗಿ ಉಳಿದಿದ್ದ ಅಪಮಾನ: ಬೀಳ್ಕೊಡಲು ಬಾರದ ಆತಿಥೇಯನದು ಒಬ್ಬನಿಗೆ, ಕುಳಿತಲ್ಲಿಂದ ಚಾಚಿದ ಕೈಯದು ಇನ್ನೊಬ್ಬನಿಗೆ.

ಗೆಲುವಿನ ನಂತರ ಸ್ನೇಹ ಏರಿಳಿಯುತ್ತಲೇ ಸಾಗಿತು. 1570ರಲ್ಲಿ ಪೋರ್ಚುಗೀಸರ ವಿರುದ್ಧ ಕೈಜೋಡಿಸಿ ಅಲಿ ಗೋವೆಗೂ ಮುರ್ತಜಾ ಚೌಲ್‌ಗೂ ಮುತ್ತಿಗೆ ಹಾಕಿದರು, ಎರಡೂ ಫಲಿಸಲಿಲ್ಲ. ಅಲಿ 1580ರಲ್ಲಿ ಕೊಲೆಯಾದ. ಆದರೆ 1564ರ ಮದುವೆ ನಿಜವಾಗಿ ಫಲ ಕೊಟ್ಟದ್ದು ಅದಕ್ಕೂ ಆಮೇಲೆ. ವಿಧವೆಯಾದ ಚಾಂದ್ ಬೀಬಿ ತವರಿಗೆ ಮರಳಿ, 1595ರಲ್ಲಿ ಅಕ್ಬರನ ಮಗ ಮುರಾದ್ ಅಹಮದ್‌ನಗರಕ್ಕೆ ಬಂದಾಗ ಕೋಟೆಯನ್ನು ಕಾಯ್ದಳು. ಅವಳ ಕರೆಗೆ ಬಿಜಾಪುರ ಓಗೊಟ್ಟಿತು. ಸುಹೈಲ್ ಖಾನನ ಕೈಕೆಳಗೆ ಬಿಜಾಪುರದ ಸೈನ್ಯ, ಜೊತೆಗೆ ಗೋಲ್ಕೊಂಡದ್ದು, ಕಲ್ಯಾಣದ ಪಶ್ಚಿಮಕ್ಕಿರುವ ನಳದುರ್ಗದಲ್ಲಿ ಕೂಡಿಕೊಂಡವು. ಆ ಸೈನ್ಯ ಬರುತ್ತಿದೆ ಎಂಬ ಸುದ್ದಿಯೂ ಮೊಗಲರನ್ನು ಒಪ್ಪಂದಕ್ಕೆ ತಂದ ಕಾರಣಗಳಲ್ಲಿ ಒಂದು. ಆ ವೇಳೆಗೆ ತನ್ನದಾಗಿದ್ದ ಬೀರಾರ್ ಬಿಟ್ಟುಕೊಟ್ಟು ಅಹಮದ್‌ನಗರ ಉಳಿಯಿತು, ಕೆಲವು ವರ್ಷಗಳ ಮಟ್ಟಿಗೆ. ಬೀದರ್ 1619ರಲ್ಲಿ ಬಿಜಾಪುರಕ್ಕೆ ಸೇರಿತು.

ಈ ಐದು ಮನೆಗಳ ಜಗಳದಲ್ಲಿ ಒಂದು ಗುಣವಿತ್ತು: ಸೋತವನು ಹೆಚ್ಚಾಗಿ ಅಳಿಯುತ್ತಿರಲಿಲ್ಲ, ಒಂದು ಕೋಟೆ ಕೊಟ್ಟು ಉಳಿಯುತ್ತಿದ್ದ. ಉತ್ತರದಿಂದ ಬಂದವರು ಬೇರೆ ಲೆಕ್ಕದವರು. 1636ರ ಮೇ ತಿಂಗಳಲ್ಲಿ ಷಹಜಹಾನ್ ಮತ್ತು ಮಹಮ್ಮದ್ ಆದಿಲ್ ಶಾಹನ ನಡುವೆ ಅಹದ್‌ನಾಮೆ, ಅಂದರೆ ಲಿಖಿತ ಒಪ್ಪಂದ, ಆಯಿತು. ಅಹಮದ್‌ನಗರದ ರಾಜ್ಯವನ್ನು ಇಬ್ಬರೂ ಹಂಚಿಕೊಂಡರು. ಬಿಜಾಪುರ ಇಪ್ಪತ್ತು ಲಕ್ಷ ರೂಪಾಯಿ ಕಾಣಿಕೆ ಕೊಟ್ಟು ಬಾದಶಹನ ಹಿರಿತನ ಒಪ್ಪಿಕೊಂಡಿತು. ಅದರ ಪಾಲಿಗೆ ಬಂದ ಪರಗಣೆಗಳಲ್ಲಿ ಭಾಲ್ಕಿ ಮತ್ತು ಚಿಟಗುಪ್ಪ ಇದ್ದವು. ಹುಮನಾಬಾದಿನ ಪಕ್ಕದ ಈ ಚಿಟಗುಪ್ಪದ ಹೆಸರು ಷಹಜಹಾನನ ಒಪ್ಪಂದದಲ್ಲಿದೆ ಎಂಬುದು ಅಲ್ಲಿನ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ. ಮಾತಿಗೆ ತಪ್ಪುವುದಿಲ್ಲ ಎಂಬ ಗುರುತಿಗೆ ಷಹಜಹಾನ್ ಆ ಪತ್ರಕ್ಕೆ ಕುಂಕುಮದಲ್ಲಿ ಅದ್ದಿದ ತನ್ನ ಅಂಗೈ ಒತ್ತಿ ಕಳಿಸಿದ.

ಆ ಅಂಗೈ ಗುರುತಿಗೆ ಇಪ್ಪತ್ತು ವರ್ಷ ಆಯುಸ್ಸು. 1656ರ ನವೆಂಬರಿನಲ್ಲಿ ಮಹಮ್ಮದ್ ಆದಿಲ್ ಶಾಹ ತೀರಿಕೊಂಡ. ಹದಿನೆಂಟರ ಹರೆಯದ ಎರಡನೆಯ ಅಲಿ ಪಟ್ಟಕ್ಕೆ ಬಂದ. ಅವನು ಸತ್ತ ಸುಲ್ತಾನನ ಸ್ವಂತ ಮಗನೇ ಅಲ್ಲ ಎಂಬ ನೆಪ ಹೂಡಿ ಔರಂಗಜೇಬ್ ತನ್ನ ತಂದೆ ಷಹಜಹಾನನಿಂದ ಯುದ್ಧದ ಅಪ್ಪಣೆ ಪಡೆದ. 1657ರ ಮಾರ್ಚಿನಲ್ಲಿ ಬೀದರ್ ಕೋಟೆಯ ಮದ್ದಿನ ಮನೆಗೆ ಬೆಂಕಿ ಬಿದ್ದು, ಸುಟ್ಟು ಸಾಯುತ್ತಿದ್ದ ಕಿಲ್ಲೇದಾರ ಸಿದ್ದಿ ಮರ್ಜಾನ್ ಮಕ್ಕಳ ಕೈಯಲ್ಲಿ ಬೀಗದ ಕೈ ಕಳಿಸಿಕೊಟ್ಟ. ಏಪ್ರಿಲ್ ಕೊನೆಗೆ ಔರಂಗಜೇಬ್ ಕಲ್ಯಾಣದ ಕಡೆ ಹೊರಟ.

ಕಲ್ಯಾಣ ಬೀದರ್‌ನಷ್ಟು ಬೇಗ ಬೀಳಲಿಲ್ಲ. ಒಳಗೆ ದಿಲಾವರ್ ಎಂಬ ಹಬಶಿ ಸರದಾರನಿದ್ದ. ಹೊರಗೆ ಬಿಜಾಪುರದ ಕುದುರೆ ಸವಾರರು ಬೀದರ್‌ನಿಂದ ಬರುವ ಮೊಗಲರ ದವಸದ ಸಾಲುಗಳ ಮೇಲೆ ಬೀಳುತ್ತಲೇ ಇದ್ದರು. ಮೊಗಲರು ಕಂದಕವನ್ನು ಒಣಗಿದ ಗಿಡಗಂಟಿಗಳಿಂದ ತುಂಬಿದರು. ಒಳಗಿನವರು ಉರಿಯುವ ಹುಲ್ಲು, ಮದ್ದು ಎಸೆದು ಅದಷ್ಟನ್ನೂ ಸುಟ್ಟರು. ಮತ್ತೆ ಕಲ್ಲುಮಣ್ಣು ತಂದು ಮೊದಲಿನಿಂದ ತುಂಬಬೇಕಾಯಿತು. ಮೇ, ಜೂನ್, ಜುಲೈ ಕಳೆದವು. ಜುಲೈ ಕೊನೆಗೆ ಮೊಗಲರು ಗೋಡೆ ಹತ್ತಿದರು. ಆಗಸ್ಟ್ 1ರಂದು ದಿಲಾವರ್ ಬೀಗದ ಕೈ ಒಪ್ಪಿಸಿದ. ಔರಂಗಜೇಬ್ ಅವನಿಗೆ ಖಿಲಾತ್, ಅಂದರೆ ಮರ್ಯಾದೆಯ ನಿಲುವಂಗಿ, ತೊಡಿಸಿ, ಪರಿವಾರದೊಂದಿಗೆ ಬಿಜಾಪುರಕ್ಕೆ ಹೋಗಗೊಟ್ಟ. ಮೂರು ತಿಂಗಳು ತನ್ನನ್ನು ತಡೆದವನಿಗೆ ಅವನು ತೋರಿದ ಈ ಗೌರವವನ್ನು ಗಮನಿಸಬೇಕು.

ಬಿಜಾಪುರ ಸಂಧಿಗೆ ಬಂತು: ಬೀದರ್, ಕಲ್ಯಾಣ, ಪರಂಡ ಕೋಟೆಗಳು ಮೊಗಲರಿಗೆ, ಅದರ ಮೇಲೆ ದೊಡ್ಡ ಮೊತ್ತದ ದಂಡ. ಸೆಪ್ಟೆಂಬರಿನಲ್ಲಿ ಷಹಜಹಾನ್ ಹಾಸಿಗೆ ಹಿಡಿದ. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರ ಹೋರಾಟಕ್ಕೆ ಔರಂಗಜೇಬ್ ಉತ್ತರಕ್ಕೆ ತಿರುಗಿದಾಗ ಬಿಜಾಪುರ ಪರಂಡವನ್ನು ಒಪ್ಪಿಸದೆ ಹಿಡಿದುಕೊಂಡಿತು. 1660ರಲ್ಲಿ ಅದೂ ಹೋಯಿತು. ಬೀದರ್, ಕಲ್ಯಾಣ ಮರಳಿ ಬರಲಿಲ್ಲ. ಚಾಂದ್ ಬೀಬಿಯ ಬಳುವಳಿಯಾಗಿ ಬಿಜಾಪುರಕ್ಕೆ ಬಂದಿದ್ದ ಸೊಲ್ಲಾಪುರವನ್ನು ಎರಡನೆಯ ಅಲಿ 1668ರ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟ.